ಎರಡು ರೂಪಾಯಿಯ ಊಟ

ಎರಡು ರೂಪಾಯಿಗೆ ಈಗ ಧಾರವಾಡದಲ್ಲಿ ಮಿರ್ಚಿ ಭಜಿಯ ತೊಟ್ಟು ಕೂಡ ಸಿಗುವುದಿಲ್ಲ. ಅಂಥದ್ದರಲ್ಲಿ ಬೆಂಗಳೂರಿನಿಂದ ನನ್ನ ತಂಗಿಯ ಮಗ ಫೋನ್ ಮಾಡಿ, ‘ಮಾಮಾ, ಏರ್‌ಪೋರ್ಟಿನ್ಯಾಗ ಲೌಂಜ್ ಅಂತ ಇರ್ತೈತಿ. ನಿಮ್ಮ ಕ್ರೆಡಿಟ್ ಕಾರ್ಡ್ ಉಜ್ಜಿದ್ರ ಎರಡ ರೂಪಾಯಿ ಕಟ್ ಆಗ್ತೈತಿ. ಒಳಗ ಹೋಗಿ ಇಡ್ಲಿ, ಪೂರಿ, ಅನ್ನ, ಸ್ವೀಟು, ಎಷ್ಟ ಬೇಕಷ್ಟ ತಿನ್ರಿ. ಯಾರೂ ಕೇಳಂಗಿಲ್ಲ’ ಅಂದ.

ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಕಲಿಸಿದವನು ನಾನು. ಲೆಕ್ಕ ತಕ್ಷಣ ಹೊಳೆಯಿತು. ಇಬ್ಬರಿಗೆ ನಾಲ್ಕು ರೂಪಾಯಿ. ಹೊಟ್ಟೆ ಎಷ್ಟು ಖಾಲಿ ಇರುತ್ತದೋ ಅಷ್ಟು ಲಾಭ. ಲಂಡನ್ನಿನಲ್ಲಿರುವ ಮಗನ ಮನೆಗೆ ಹೊರಟಿದ್ದೆವು, ಜುಲೈ ತಿಂಗಳು. ಹೊರಡುವ ದಿನ ರಾತ್ರಿ ಬರೀ ಒಂದು ಲೋಟ ಮಜ್ಜಿಗೆ ಕುಡಿದೆ.

‘ಯಾಕ್ರಿ, ಮೈಯಾಗ ಆರಾಮಿಲ್ಲೇನು?’ ಅಂದಳು ನಮ್ಮಾಕೆ.

‘ನಾಳೆ ನೋಡು’ ಅಂದೆ.

ಇಲ್ಲಿ ಒಂದು ಹಳೇ ಜಗಳದ ವಿಷಯ ಹೇಳಬೇಕು. ನಮ್ಮಾಕೆ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ನಮ್ಮಿಬ್ಬರಿಗೂ ಒಂದೇ ಬ್ಯಾಂಕು ಒಂದೇ ಥರದ ಕಾರ್ಡು ಕೊಟ್ಟಿದೆ. ಮೇ ತಿಂಗಳಲ್ಲಿ ಅವಳ ಅಣ್ಣನ ಮಗಳ ನಿಶ್ಚಯ ಇತ್ತು. ಒಂದು ಸೀರೆ ತರುತ್ತೇನೆ ಅಂತ ಹುಬ್ಬಳ್ಳಿಗೆ ಹೋದವಳು ಮೂರು ತಂದಳು. ಎಲ್ಲಾ ಕಾರ್ಡಿನ ಮೇಲೆ. ನಾನು ಎರಡು ದಿನ ಮಾತು ಬಿಟ್ಟು, ಮೂರನೇ ದಿನ ಮಿತವ್ಯಯದ ಬಗ್ಗೆ ಒಂದು ತಾಸು ಮಾತಾಡಿದೆ. ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಒಬ್ಬರಿಗೆ 23 ಕಿಲೊ ಚೀಲ. ಓಣಿಯ ಕಿರಾಣಿ ಅಂಗಡಿಯ ತಕ್ಕಡಿ ಮೇಲೆ ಇಟ್ಟು ತೂಗಿಸಿದೆವು. ಒಣ ಕೊಬ್ಬರಿ ಒಯ್ಯಬಾರದಂತೆ, ಅದರ ಎಣ್ಣೆಗೆ ಬೆಂಕಿ ಹತ್ತುತ್ತದೆ ಅಂತ. ತೆಗೆದಿಟ್ಟೆವು. ‘ಪೇಡೆನೂ ತರಬ್ಯಾಡ್ರಿ, ಹಾಲಿಂದು ಇಲ್ಲಿ ಬಿಡಂಗಿಲ್ಲ’ ಅಂತ ಮಗ ಮೊದಲೇ ಹೇಳಿದ್ದ. ಧಾರವಾಡದಿಂದ ಪೇಡೆ ಇಲ್ಲದೆ ಪರ ಊರಿಗೆ ಹೊರಟವರು ನಮ್ಮ ಬೀಗರು ನೆಂಟರಲ್ಲೇ ನಾವು ಮೊದಲಿಗರು. ಪೇಡೆಗೆ ಹೆಸರಾದ ಲೈನ್ ಬಜಾರದ ಮುಂದೆ ಆಟೊ ಹೋಗುವಾಗ ತಲೆ ತಗ್ಗಿಸಿ ಕುಳಿತಿದ್ದೆ.

ಉಳಿದದ್ದು ರೊಟ್ಟಿ. ಜೋಳದ ಖಡಕ್ ರೊಟ್ಟಿ, ಎಣಿಸಿ ನಲವತ್ತು. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅಂದರೆ ಚಟ್ನಿಪುಡಿ. ದೊಡ್ಡ ಚೀಲದಲ್ಲಿ ಹಾಕಿದರೆ ಪುಡಿಯಾಗುತ್ತವೆ ಅಂತ ಹಳೇ ಧೋತರದಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿದಳು. ‘ಇವು ಮಗಗ. ದಾರ್‍ಯಾಗ ಬಿಚ್ಚಬ್ಯಾಡ್ರಿ’ ಅಂತ ನನಗೆ ಎರಡು ಸಲ ಹೇಳಿದಳು.

ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನಲ್ಲಿ ಬೆಂಗಳೂರು, ಮೆಜೆಸ್ಟಿಕ್ಕಿನಿಂದ ವಾಯುವಜ್ರ ಬಸ್ಸು, ದೇವನಹಳ್ಳಿ. ಎಲ್ಲೂ ಒಂದು ಬಿಸ್ಕೀಟು ಮುಟ್ಟಲಿಲ್ಲ. ಟರ್ಮಿನಲ್ ಎರಡರ ಬಿದಿರಿನ ಚಾವಣಿ, ಮೇಲಿಂದ ಇಳಿಬಿಟ್ಟ ಗಿಡಗಳು ಎಲ್ಲ ಬಹಳ ಚಂದ. ನಮ್ಮಾಕೆ ನಿಂತು ನೋಡಿದಳು. ನನಗೆ ಮಾತ್ರ ಆ ಹಸಿರೆಲ್ಲ ಮೆಂತ್ಯೆ ಪಲ್ಯದ ಹಾಗೆ ಕಂಡಿತು.

ತಪಾಸಣೆಯಲ್ಲಿ ಕೈಚೀಲ ನಿಂತಿತು. ಎಕ್ಸ್‌ರೇ ಪರದೆಯ ಮೇಲೆ ಗುಂಡಗಿನ ತಗಡುಗಳು ಒಂದರ ಮೇಲೊಂದು. ಜವಾನ ಕರೆದ.

‘ಏ ಕ್ಯಾ ಹೈ, ಅಂಕಲ್?’

‘ರೋಟಿ.’

‘ರೋಟಿ?’

ಧೋತರ ಬಿಚ್ಚಿ, ಮೇಲಿನ ರೊಟ್ಟಿಗೆ ಬೆರಳಿನಿಂದ ಬಡಿದು ನೋಡಿದ. ಬಾಗಿಲು ತಟ್ಟಿದ ಹಾಗೆ ಟಕ್ ಟಕ್ ಅಂದಿತು. ಅವನ ಊರಿನಲ್ಲಿ ರೋಟಿ ಅಂದರೆ ಮಡಚುವ ವಸ್ತು. ಇನ್ನೊಬ್ಬನನ್ನು ಕರೆದ. ಅವನೂ ಬಡಿದ. ಕೊನೆಗೆ ‘ಜಾಯಿಯೇ’ ಅಂದರು. ನಲವತ್ತೂ ಪಾಸಾದವು.

ಅಂತೂ ಲೌಂಜು. ಬಾಗಿಲಲ್ಲಿ ಸಾಲು. ಒಳಗಿನಿಂದ ಒಗ್ಗರಣೆ ವಾಸನೆ. ನಮ್ಮಾಕೆ ಮೊದಲು ಕಾರ್ಡು ಕೊಟ್ಟಳು. ಯಂತ್ರ ‘ಕಿಣಿಕ್’ ಅಂದಿತು, ಚೀಟಿ ಬಂತು. ‘ವೆಲ್ಕಮ್ ಮ್ಯಾಮ್.’ ನಾನು ಕೊಟ್ಟೆ. ಯಂತ್ರ ಬೇರೆ ರೀತಿ ಸಪ್ಪಳ ಮಾಡಿತು. ಹುಡುಗಿ ಇನ್ನೊಮ್ಮೆ ಉಜ್ಜಿದಳು. ನನ್ನ ಅಂಗಿಯ ತುದಿಗೆ ಒರೆಸಿ ನಾನೇ ಕೊಟ್ಟೆ, ಮತ್ತೊಮ್ಮೆ ಉಜ್ಜಿದಳು.

‘ಸರ್, ನಿಮ್ಮ ಕಾರ್ಡಿಗೆ ಈ ಸಲ ಲೌಂಜ್ ಇಲ್ಲ. ಹೋದ ಮೂರು ತಿಂಗಳಲ್ಲಿ ಇಂತಿಷ್ಟು ಅಂತ ಖರ್ಚು ಮಾಡಿರಬೇಕು.’

ಏಪ್ರಿಲ್‌ನಿಂದ ಜೂನ್‌ವರೆಗೆ ನಾನು ಕಾರ್ಡಿನಲ್ಲಿ ಮಾಡಿದ ಖರ್ಚು 640 ರೂಪಾಯಿ. ಸ್ಕೂಟರಿಗೆ ಎರಡು ಸಲ ಪೆಟ್ರೋಲು.

‘ಮ್ಯಾಮ್ ಅವರ ಕಾರ್ಡಿನಲ್ಲಿ ಆಗಿದೆ’ ಅಂದಳು ಹುಡುಗಿ. ಮೂರು ಸೀರೆ! ನಮ್ಮಾಕೆ ಏನೂ ಅನ್ನಲಿಲ್ಲ. ಸುಮ್ನೆ ಸೆರಗು ಸರಿ ಮಾಡಿಕೊಂಡಳು. ಉಟ್ಟಿದ್ದು ಆ ಮೂರರಲ್ಲೇ ಒಂದು, ಇಳಕಲ್ಲಿನದು.

ದುಡ್ಡು ಕಟ್ಟಿ ಹೋಗಬಹುದಿತ್ತು. ಎಷ್ಟು ಅಂತ ಕೇಳಿದೆ. ಆ ದುಡ್ಡಿಗೆ ನಮ್ಮೂರ ಖಾನಾವಳಿಯಲ್ಲಿ ಇಬ್ಬರೂ ಒಂದು ವಾರ ಉಣ್ಣಬಹುದು, ಎಕ್ಸ್ಟ್ರಾ ಮೊಸರಿನ ಸಮೇತ.

‘ಹಂಗಾರ ನಾನೂ ಹೋಗಂಗಿಲ್ಲ ಬಿಡ್ರಿ’ ಅಂದಳು ನಮ್ಮಾಕೆ.

‘ಎರಡ ರೂಪಾಯಿ ಕಟ್ ಆಗೇತಲ್ಲ, ಹೋಗು’ ಅಂದೆ. ಒಂದು ಮಾತಿಗಾದರೂ ‘ಬ್ಯಾಡ್ರಿ’ ಅನ್ನುತ್ತಾಳೆ ಅಂದುಕೊಂಡಿದ್ದೆ. ನಾನು ‘ಹೋಗು’ ಅನ್ನುವುದರಲ್ಲಿ ಅವಳು ಒಳಗೆ ಪ್ಲೇಟು ಹಿಡಿದಿದ್ದಳು.

ನಾನು ಹೊರಗೆ ಕುರ್ಚಿಯಲ್ಲಿ, ತೊಡೆಯ ಮೇಲೆ ರೊಟ್ಟಿ ಚೀಲ ಇಟ್ಟುಕೊಂಡು ಕುಳಿತೆ. ವಾಟ್ಸ್‌ಆ್ಯಪ್ಪಿಗೆ ಫೋಟೊ ಬರತೊಡಗಿದವು. ದಹಿ ವಡೆ. ಪೂರಿ. ಜಾಮೂನು, ಎರಡು. ಆಮೇಲೆ ಒಂದು ಧ್ವನಿ ಸಂದೇಶ: ‘ಪೂರಿ ಭಾಳ ಎಣ್ಣಿ ಐತ್ರಿ. ನಿಮಗೇನ ಸೇರ್ತಿರಲಿಲ್ಲ ಬಿಡ್ರಿ.’ ಎದ್ದು ಹೋಗಿ ಎದುರಿನ ಹೋಟೆಲಿನ ಬೋರ್ಡಿನಲ್ಲಿ ಇಡ್ಲಿಯ ಬೆಲೆ ಓದಿದೆ. ಕನ್ನಡಕ ಒರೆಸಿ ಇನ್ನೊಮ್ಮೆ ಓದಿದೆ. ನಲ್ಲಿಯಲ್ಲಿ ನೀರು ಕುಡಿದು ಬಂದೆ. ಹೇಗೂ ವಿಮಾನದಲ್ಲಿ ಊಟ ಕೊಡ್ತಾರಲ್ಲ!

ಒಂದೂವರೆ ತಾಸಿನ ಮೇಲೆ ನಮ್ಮಾಕೆ ಹೊರಗೆ ಬಂದಳು. ‘ಹೊರಗ ಏನೂ ಒಯ್ಯಬಾರದು ಅಂತ ಬರದಿದ್ರು. ಆದ್ರೂ ನಿಮಗಂತ ತಂದೀನಿ’ ಅಂತ ಮುಚ್ಚಿದ ಮುಷ್ಟಿ ಬಿಚ್ಚಿದಳು. ಒಂದು ಚಿಟಿಕೆ ಬಡೇಸೋಪು. ಊಟ ಆದ ಮೇಲೆ ತಿನ್ನುವುದನ್ನು ಊಟ ಇಲ್ಲದೆ ತಿಂದೆ.

ವಿಮಾನದಲ್ಲಿ ಅವಳಿಗೆ ಕಿಟಕಿ, ನನಗೆ ನಡುವಿನ ಸೀಟು. ಗೇಣು ಹಾಕಿ ನೋಡಿದೆ. ಅಗಲ ಪೂರ್ತಿ ಎರಡು ಗೇಣಿಲ್ಲ. ಆ ಕಡೆ ಒಬ್ಬ ಎತ್ತರದ ಬಿಳಿಯ ಹುಡುಗ. ಕೂತ ಕೂಡಲೇ ಕಿವಿಗೆ ಏನೋ ಹಾಕಿಕೊಂಡು, ಟೋಪಿಯನ್ನು ಮೂಗಿನ ತನಕ ಎಳೆದು ಮಲಗಿಬಿಟ್ಟ. ಕೈ ಇಡುವ ಪಟ್ಟಿ ಎರಡು ಕಡೆಯೂ ನನ್ನದಲ್ಲ. ಭಜನೆಗೆ ಕೂತವನ ಹಾಗೆ ಕೈ ಜೋಡಿಸಿಕೊಂಡು ಕುಳಿತೆ.

ಹಾರಿ ಒಂದು ತಾಸಾಗಿತ್ತು. ಊಟದ ಗಾಡಿ ಇನ್ನೂ ಹೊರಟಿರಲಿಲ್ಲ. ಗಗನಸಖಿ ಎರಡೇ ಟ್ರೇ ಹಿಡಿದು ನೇರ ನಮ್ಮ ಹತ್ತಿರ ಬಂದಳು, ನಮ್ಮ ಹೆಸರು ಹಿಡಿದು ಕೇಳಿದಳು. ಸುತ್ತಲಿನ ಸಾಲಿನವರೆಲ್ಲ ನೋಡಿದರು. ನಾನು ಬೀಗರ ಮನೆಯ ಹಿರಿಯನ ಹಾಗೆ ಬೆನ್ನು ನೆಟ್ಟಗೆ ಮಾಡಿದೆ. ಇದು ನನ್ನದೇ ಮುಂದಾಲೋಚನೆ. ಟಿಕೆಟ್ ಮಾಡುವಾಗ ಊಟದ ಪಟ್ಟಿಯಲ್ಲಿ ‘ಹಿಂದೂ ಮೀಲ್’ ಅಂತ ಇತ್ತು. ನಾವು ಹಿಂದೂಗಳು, ಬೇಕಾದ್ದು ಮೀಲು. ಒತ್ತಿದ್ದೆ.

ಮೇಲಿನ ತಗಡಿನ ಹಾಳೆ ಬಿಚ್ಚಿದೆ. ಆವಿ ಸರಿಯಿತು. ಕೆಂಪು ರಸದಲ್ಲಿ ಒಂದು ಕೋಳಿ ಕಾಲು ನನ್ನ ಕಡೆ ಚಾಚಿಕೊಂಡಿತ್ತು.

ನಮ್ಮ ಮನೆತನದಲ್ಲಿ ಮೊಟ್ಟೆಯ ಆಕಾರದ ಬದನೆಕಾಯಿಯನ್ನೂ ಅನುಮಾನದಿಂದ ನೋಡುತ್ತಾರೆ. ಆಮೇಲೆ ತಿಳಿದದ್ದು: ವಿಮಾನದವರ ಭಾಷೆಯಲ್ಲಿ ಹಿಂದೂ ಮೀಲ್, ಅಂದರೆ ಎಚ್‌ಎನ್‌ಎಂಎಲ್, ದನದ ಮಾಂಸ ಇಲ್ಲದ ಊಟ ಅಷ್ಟೆ. ಕೋಳಿ, ಕುರಿ, ಮೀನು ಏನಾದರೂ ಬರಬಹುದು. ನಮ್ಮಂಥವರು ಕೇಳಬೇಕಾದ್ದು ಎವಿಎಂಎಲ್, ಏಷಿಯನ್ ವೆಜಿಟೇರಿಯನ್ ಮೀಲ್. ಇಷ್ಟು ಮುಖ್ಯವಾದ ವಿಷಯವನ್ನು ನಮಗೆ ಯಾವ ಶಾಲೆಯಲ್ಲೂ ಕಲಿಸಲಿಲ್ಲ. ನಾನೂ ಕಲಿಸಲಿಲ್ಲ.

ಹಾಳೆಯನ್ನು ಮತ್ತೆ ಮುಚ್ಚಿ, ಬೇರೆ ಕೊಡಿ ಅಂತ ಕೇಳಿದೆ. ಎಲ್ಲರಿಗೂ ಹಂಚಿದ ಮೇಲೆ ಉಳಿದರೆ ನೋಡುತ್ತೇನೆ ಅಂದಳು ಪಾಪ. ಉಳಿಯಲಿಲ್ಲ. ಒಂದು ಬನ್ನು, ಬೆಣ್ಣೆ, ನಾಲ್ಕು ಸೌತೆಕಾಯಿ ಚೂರು ಬಂದವು. ಬನ್ನು ಗೋಲಿಯಾಟದ ದೊಡ್ಡ ಗೋಲಿಯಷ್ಟಿತ್ತು.

‘ನನಗೇನ ಬ್ಯಾಡ್ರಿ, ಹೊಟ್ಟಿ ಬಿರದೈತಿ’ ಅಂತ ನಮ್ಮಾಕೆ ತನ್ನ ಬನ್ನನ್ನೂ ಕೊಟ್ಟು ಮಲಗಿಬಿಟ್ಟಳು. ಎರಡು ಜಾಮೂನಿನ ನಿದ್ದೆ ಅದು, ಬಹಳ ಗಟ್ಟಿ.

ಆಮೇಲೆ ಮಧ್ಯಾಹ್ನ ನಾಲ್ಕಕ್ಕೆ ಕಿಟಕಿ ಮುಚ್ಚಿ, ದೀಪ ಆರಿಸಿ ರಾತ್ರಿ ಮಾಡಿದರು. ಪಶ್ಚಿಮಕ್ಕೆ ಹಾರುವ ವಿಮಾನ, ಸೂರ್ಯ ನಮ್ಮ ಮುಂದೆ ಮುಂದೆಯೇ ಓಡುತ್ತಿದ್ದ. ಕಿಟಕಿಯ ಸಂದಿಯಲ್ಲಿ ಬಿಸಿಲು, ಒಳಗೆ ಅಮಾವಾಸ್ಯೆ. ಎಲ್ಲರೂ ಗೊರಕೆ. ಎದುರಿನ ಪರದೆಯಲ್ಲಿ ಇನ್ನೂ ಏಳು ತಾಸು ನಲವತ್ತು ನಿಮಿಷ. ನನ್ನ ತಲೆಯ ಮೇಲೆ, ಸರಿಯಾಗಿ ಮೂರು ಅಡಿ ಎತ್ತರದಲ್ಲಿ, ನಲವತ್ತು ರೊಟ್ಟಿ.

ಬಿಳಿಯ ಹುಡುಗ ಬಚ್ಚಲಿಗೆ ಎದ್ದಾಗ ಚಂಗನೆ ಎದ್ದೆ. ಚೀಲ ಇಳಿಸಿ, ಧೋತರದ ಗಂಟು ಬಿಚ್ಚಿ, ಒಂದೇ ಒಂದು ಎಳೆದುಕೊಂಡೆ. ಕಂಬಳಿ ಹೊದ್ದು, ಕಂಬಳಿಯ ಒಳಗೆ ಮುರಿದೆ.

ಕಟ್!

ವಿಮಾನದೊಳಗಿನ ಗಾಳಿ ಬಹಳ ಒಣ ಇರುತ್ತದೆ. ತೇವಾಂಶ ಹೆಚ್ಚಾಗಿ ಶೇಕಡಾ 20ರ ಒಳಗೇ ಇರುತ್ತದೆ. ಅದರಿಂದ ನಮ್ಮ ತುಟಿ ಒಡೆಯುತ್ತದೆ, ಗಂಟಲು ಕೆರೆಯುತ್ತದೆ. ಖಡಕ್ ರೊಟ್ಟಿ ಇನ್ನೂ ಖಡಕ್ ಆಗುತ್ತದೆ ಅಂತ ಮಾತ್ರ ಯಾರೂ ಬರೆದಿಲ್ಲ. ಮುಂದಿನ ಸಾಲಿನಲ್ಲಿ ಒಂದು ತಲೆ ಎದ್ದಿತು. ನಾನು ಉಸಿರು ಹಿಡಿದೆ. ತಲೆ ಮಲಗಿತು. ಒಂದು ಚೂರು ಬಾಯಿಗೆ ಹಾಕಿ ಅಲ್ಲೇ ನೆನೆಯಲಿ ಅಂತ ಬಿಟ್ಟೆ. ನೆನೆಯಲಿಲ್ಲ. ಅಗಿದೆ. ಕಲ್ಲು ಒಡೆಯುವ ಯಂತ್ರ ನನ್ನ ತಲೆಯೊಳಗೇ ಚಾಲೂ ಆದ ಹಾಗಾಯಿತು. ಲೋಟದ ನೀರಿನಲ್ಲಿ ಅದ್ದೋಣವೆಂದರೆ ಲೋಟ ಹಿಡಿಯಷ್ಟು, ರೊಟ್ಟಿ ಪರಾತದಷ್ಟು. ಕಡೆಗೆ ಇಂಜಿನ್ನಿನ ಸದ್ದು ಏರಿದಾಗ ಮುರಿಯುವುದು, ಇಳಿದಾಗ ಸುಮ್ಮನಿರುವುದು ಅಂತ ಒಂದು ತಾಳ ಹಿಡಿದೆ.

ಇದರ ನಡುವೆ ಹಿಂದಿನ ಸಾಲಿನಿಂದ, ಎರಡು ಸೀಟುಗಳ ಸಂದಿಯಲ್ಲಿ, ಒಂದು ಪಿಸುಮಾತು ಬಂತು.

‘ರೀ ಕಾಕಾರ... ಅದು ಜ್ವಾಳದ್ದೋ, ಸಜ್ಜಿದೋ?’

ನಾನು ಕಂಬಳಿಯಿಂದ ತಲೆ ಹೊರಗೆ ಹಾಕಿದೆ. ‘ಜ್ವಾಳದ್ದು.’

‘ಹಂಗ ಅನ್ನಿಸ್ತ್ರಿ. ಸಜ್ಜಿದು ಇಷ್ಟ ದೊಡ್ಡ ಸಪ್ಪಳ ಮಾಡಂಗಿಲ್ಲ. ಹಿಂಡಿ ಐತೇನ್ರಿ?’

ಗದಗಿನ ಹುಡುಗ. ಲಂಡನ್ನಿಗೆ ನೌಕರಿಗೆ ಹೊರಟಿದ್ದ. ಇಬ್ಬರೂ ಹಿಂದೆ ಬಚ್ಚಲಿನ ಪಕ್ಕದ ಸಂದಿಗೆ ಹೋದೆವು. ಅಲ್ಲಿ ಇಂಜಿನ್ ಸದ್ದು ಜಾಸ್ತಿ, ಎಷ್ಟು ಬೇಕಾದರೂ ಮುರಿಯಬಹುದು. ನಿಂತುಕೊಂಡೇ ತಿಂದೆವು. ಮೇಲೆ ಹೋದರೆ ನಾಲಿಗೆಗೆ ಉಪ್ಪು, ಸಿಹಿ ಸರಿಯಾಗಿ ಹತ್ತುವುದಿಲ್ಲ. ಒಳಗಿನ ಗಾಳಿಯ ಒತ್ತಡವೇ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟು. ನಮ್ಮ ಮುಳ್ಳಯ್ಯನಗಿರಿಯೇ ಸುಮಾರು 6,300 ಅಡಿ. ನಮ್ಮಾಕೆ ಹಿಂಡಿಗೆ ಯಾವಾಗಲೂ ಉಪ್ಪು ಒಂದು ಹಿಡಿ ಮುಂದು ಹಾಕುತ್ತಾಳೆ. ಮದುವೆಯಾದಾಗಿನಿಂದ ನಾನು ಹೇಳುತ್ತಲೇ ಇದ್ದೇನೆ. ಆ ಎತ್ತರದಲ್ಲಿ ಅದು ಅಳೆದು ಹಾಕಿದ ಹಾಗಿತ್ತು.

ಬಚ್ಚಲಿನಿಂದ ಹೊರಬಂದ ಬಿಳಿಯ ಹುಡುಗ ನಿಂತು ನೋಡಿದ. ಒಂದು ಚೂರಿಗೆ ಗುರೆಳ್ಳು ಹಿಂಡಿ ಹಚ್ಚಿ ಕೊಟ್ಟೆವು. ಕಣ್ಣಲ್ಲಿ ನೀರು ಬಂತು. ಮತ್ತೊಂದು ಕೇಳಿದ.

ಲಂಡನ್ನಿನಲ್ಲಿ ಇಳಿದಾಗ ಸಂಜೆ, ಇನ್ನೂ ಬಿಸಿಲು ಇತ್ತು. ನಮ್ಮಾಕೆ ಚೀಲ ಎತ್ತಿ ಒಮ್ಮೆ ತೂಗಿದಳು. ಅಂಚೆ ಕಚೇರಿಯಲ್ಲಿ ವರ್ಷಗಟ್ಟಲೆ ಪಾರ್ಸೆಲ್ ತೂಗಿದ ಕೈ.

‘ಎಷ್ಟ ಉಳದಾವ?’

‘ಇಪ್ಪತ್ತೆಂಟು’ ಅಂದೆ. ಗಣಿತದ ವಿಷಯದಲ್ಲಿ ನಾನು ಸುಳ್ಳು ಹೇಳುವುದಿಲ್ಲ.

ಬರುವಾಗ ಎವಿಎಂಎಲ್ ಒತ್ತಿದ್ದೆ, ಅನ್ನ ಬೇಳೆ ಬಂತು. ಅದರಲ್ಲಿ ಹೇಳುವಂಥದ್ದು ಏನೂ ಇಲ್ಲ.

ಈಗ ಮನೆಯಲ್ಲಿ ಹೊಸ ಪದ್ಧತಿ. ಕಿರಾಣಿ, ಔಷಧಿ, ಗ್ಯಾಸು, ಕರೆಂಟ್ ಬಿಲ್ಲು, ಎಲ್ಲಾ ನನ್ನ ಕಾರ್ಡಿನ ಮೇಲೆ. ಡಿಸೆಂಬರಿನಲ್ಲಿ ದಿಲ್ಲಿಗೆ ಒಂದು ಮದುವೆಗೆ ಹೋಗುವುದಿದೆ. ಈ ಸಲ ಲೌಂಜು ಬಿಡುವುದಿಲ್ಲ. ಲೆಕ್ಕ ಹಾಕಿದರೆ ಇಷ್ಟೆಲ್ಲ ಮಾಡಿಯೂ ಖರ್ಚು ಇನ್ನೂ ಸಾಲದು. ಇದನ್ನು ನಿನ್ನೆ ರಾತ್ರಿ ಊಟದ ಹೊತ್ತಿಗೆ ಬಾಯಿ ತಪ್ಪಿ ಹೇಳಿದೆ.

‘ಅಯ್ಯ, ಅದಕ್ಯಾಕ ಚಿಂತಿ ಮಾಡ್ತೀರಿ?’ ಅಂದಳು ನಮ್ಮಾಕೆ.

ಇವತ್ತು ಬೆಳಿಗ್ಗೆ ನನ್ನ ಕಾರ್ಡು ತೆಗೆದುಕೊಂಡು, ಅಕ್ಕನನ್ನು ಕರೆದುಕೊಂಡು ಹುಬ್ಬಳ್ಳಿಗೆ ಹೋಗಿದ್ದಾಳೆ. ನಾನು ಇದನ್ನು ಬರೆಯಲು ಕುಳಿತಾಗ ಬ್ಯಾಂಕಿನಿಂದ ಮೊದಲ ಮೆಸೇಜು ಬಂತು. ಈಗ ಮೂರನೆಯದು ಬಂದಿದೆ.