ಗಿಲಾವು ಕೆರೆಯಲು ಹೋಗಿ ಮಾಳಿಗೆ ಇಳಿಸಿದೆವು

"ಒಡದ ನೋಡೂತನಕ ಎಷ್ಟಾಗತೈತಿ ಅಂತ ಹೇಳಾಕ ಬರೂದಿಲ್ರಿ ಸರ" ಅಂದ, ಗೋಡೆ ಕೆಲಸ ಮಾಡುವ ಮುದುಕ ಗೌಂಡಿಗೆ ಚಹಾ ಕುಡಿಸಿ ಕಳಿಸಿಬಿಟ್ಟೆ. ಇವರಿಗೆ ಲೆಕ್ಕ ಬರಲ್ಲ ಅಂದುಕೊಂಡೆ.

ವಿಜಯಪುರದಲ್ಲಿ ನಮ್ಮದು ಅಜ್ಜನ ಕಾಲದ ಮಾಳಿಗೆ ಮನೆ. ಎರಡಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಒಂದಡಿ ಮಣ್ಣು, ಈ ಚಾವಣಿಯೇ ಮಾಳಿಗೆ. ಪಡಸಾಲೆಯ ಗೋಡೆ ಮೊಣಕಾಲೆತ್ತರಕ್ಕೆ ಹಸಿ ಹಿಡಿದು ಗಿಲಾವು, ಅಂದರೆ ಪ್ಲಾಸ್ಟರ್, ಹಪ್ಪಳದ ಹಾಗೆ ಏಳುತ್ತಿತ್ತು. ಕೆರೆದು ಹೊಸ ಗಿಲಾವು ಮಾಡಿಸಿ, ನೆಲದ ಒಡೆದ ಪರಸಿ ಕಲ್ಲು ಬದಲಿಸಿ, ಬಣ್ಣ ಹೊಡೆಸಿದರೆ ಪಂಚಮಿಗೆ ಅಕ್ಕ ಬರುವಷ್ಟರಲ್ಲಿ ಮುಗೀತು ಅಂತ ನನ್ನ ಲೆಕ್ಕ.

ಆ ಗೌಂಡಿ ಬೆರಳ ಗಂಟಿನಿಂದ ಗೋಡೆಯನ್ನು ಅಲ್ಲಲ್ಲಿ ಬಡಿದು ಕಿವಿಗೊಟ್ಟಿದ್ದರು. "ಬಚ್ಚಲಾ ಯಾ ಕಡೆ ಐತ್ರಿ?" ಅಂತಲೂ ಕೇಳಿದ್ದರು. ಗಿಲಾವಿಗೂ ಬಚ್ಚಲಿಗೂ ಏನು ಸಂಬಂಧ? ಆಮೇಲೆ ಕರೆಸಿದ ಎರಡನೆಯ ಗೌಂಡಿ ಟೇಪ್ ಹಿಡಿದ, ಮೊಬೈಲಿನಲ್ಲಿ ಗುಣಾಕಾರ ಮಾಡಿದ, 65 ಸಾವಿರ, ಹದಿನೈದು ದಿನ ಅಂದ. ಅವನೇ ಸರಿ ಅನಿಸಿತು.

ಮೂರನೇ ದಿನ ಸುತ್ತಿಗೆ ಪೆಟ್ಟಿಗೆ ಬಾಗಿಲಿನಷ್ಟು ದೊಡ್ಡ ಗಿಲಾವಿನ ಹಾಳೆ ಒಮ್ಮೆಲೇ ಕಳಚಿ ಬಿತ್ತು. ಹಿಂದೆ ಕಲ್ಲುಗಳ ನಡುವೆ ಮಣ್ಣೇ ಇರಲಿಲ್ಲ. ಹೆಗ್ಗಣದ ದಾರಿ, ಕೈ ಹಾಕಿದರೆ ಮೊಣಕೈವರೆಗೆ ಒಳಗೆ ಹೋಯಿತು. ಮೇಲೆ ಗೋಡೆಯೊಳಗೆ ಕೂತ ಜಂತಿಗಳ ತುದಿಯನ್ನು ಗೆದ್ದಲು ತಿಂದಿತ್ತು. ಒತ್ತಿದರೆ ಹಿಟ್ಟಿನ ಹಾಗೆ ಉದುರುತ್ತಿತ್ತು. ಅರ್ಧ ಪಡಸಾಲೆಯ ಮಾಳಿಗೆ ಇಳಿಸಲೇಬೇಕಾಯಿತು. "ಇದು ನಮ್ಮ ಮಾತಿನ್ಯಾಗ ಇದ್ದಿಲ್ರಿ" ಅಂತ ಎರಡನೆಯವನು ಮುಂಗಡದ ಸಮೇತ ಬೇರೆ ಕೆಲಸಕ್ಕೆ ಹೋದ.

ಸಿಮೆಂಟಿನ ಜಿಎಸ್‌ಟಿ 2025ರ ಸೆಪ್ಟೆಂಬರಿನಲ್ಲಿ ಶೇ. 28ರಿಂದ 18ಕ್ಕೆ ಇಳಿದಾಗ ಖುಷಿಪಟ್ಟಿದ್ದೆ. ಆದರೆ ನಾನು ತಂದ ಸಿಮೆಂಟ್ ಬರೀ ಹನ್ನೆರಡು ಚೀಲ! ದುಡ್ಡು ತಿಂದಿದ್ದು ಇಳಿಸಿದ ಮಾಳಿಗೆಯ ಮಣ್ಣು. ಹತ್ತು ಅಡಿ, ಹನ್ನೆರಡು ಅಡಿ, ಒಂದಡಿ ದಪ್ಪ ಅಂದರೆ 120 ಘನ ಅಡಿ. ಘನ ಅಡಿಗೆ 45 ಕೆಜಿ ಹಿಡಿದರೂ ಐದು ಟನ್‌ಗಿಂತ ಜಾಸ್ತಿ. ನಮ್ಮ ಓಣಿಯೊಳಗೆ ಟ್ರ್ಯಾಕ್ಟರ್ ಬರುವುದಿಲ್ಲ. ಅಷ್ಟೂ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ರಸ್ತೆಗೆ ಸಾಗಿಸಬೇಕು, ಉಸುಕು, ಖಡಿ, ಗರ್ಡರ್ ಎಲ್ಲವನ್ನೂ ಹಾಗೆಯೇ ಹೊತ್ತು ಒಳಗೆ ತರಬೇಕು. ಈ ಹೊರುವ ಕೂಲಿಯನ್ನು ನಾನು ಯಾರ ಎಸ್ಟಿಮೇಟಿನಲ್ಲೂ ನೋಡಿಲ್ಲ. ಈವರೆಗೆ 2 ಲಕ್ಷ 15 ಸಾವಿರ ಆಗಿದೆ.

ಮಾಳಿಗೆ ಹೇಗೂ ಇಳಿಸಬೇಕಿತ್ತು, ಒಪ್ಪುತ್ತೇನೆ. ಆದರೆ ಒಂದು ದಿನದ ಪಗಾರ ಕೊಟ್ಟು ಎರಡು ಕಡೆ ಒಡೆಸಿ ನೋಡಿದ್ದರೆ ಬೇಸಿಗೆಯಲ್ಲೇ ಗೊತ್ತಾಗುತ್ತಿತ್ತು. ಮಳೆಯಲ್ಲಿ ತಾಡಪತ್ರಿ ಕಟ್ಟಿಕೊಂಡು ರಾತ್ರಿಯೆಲ್ಲಾ ಕೂರಬೇಕಿರಲಿಲ್ಲ. ಎರಡನೆಯವನನ್ನು ಬೈಯುವುದು ಸುಲಭ. ಆದರೆ ಒಂದೇ ಮಾತಿನಲ್ಲಿ ರೇಟ್ ಹೇಳು ಅಂತ ಗಂಟುಬಿದ್ದವನು ನಾನೇ ಅಲ್ವಾ?

ನಾಚಿಕೆ ಬಿಟ್ಟು ಮುದುಕರ ಮನೆಗೆ ಹೋದೆ. ಬಂದರು, ಒಂದು ಮಾತೂ ಅನ್ನಲಿಲ್ಲ. ನೇರ ಬಚ್ಚಲಿಗೆ ಹೋಗಿ ಮೂಲೆಯ ಪರಸಿ ಎಬ್ಬಿಸಿದರು. ಗೋಡೆ ಪಕ್ಕದ ಪೈಪಿನ ಎಲ್ಬೋ ಸಂದಿಯಲ್ಲಿ ಹನಿ ಹನಿ ನೀರು. ಎಷ್ಟು ವರ್ಷದಿಂದಲೋ! ಹೊಸ ಎಲ್ಬೋ, ಅಂಟು ಸೇರಿ ಇನ್ನೂರು ರೂಪಾಯಿ ಆಗಲಿಲ್ಲ. ಹಿಂದೆ ಅಪ್ಪ ಆ ಗೋಡೆಗೆ "ಗಟ್ಟಿ ಇರಲಿ" ಅಂತ ಸಿಮೆಂಟ್ ಗಿಲಾವು ಮಾಡಿಸಿದ್ದರು. ಮಣ್ಣಿನ ಗೋಡೆ ಕುಡಿದ ನೀರು ಸುಣ್ಣದ ಗಾರೆಯಾದರೆ ಹೊರಗೆ ಆರುತ್ತದೆ, ಸಿಮೆಂಟ್ ಅದನ್ನು ಒಳಗೇ ಕೂಡಿಹಾಕುತ್ತದೆ. 1656ರಲ್ಲಿ ಮುಗಿದ ಗೋಳಗುಮ್ಮಟ ನಿಂತಿರುವುದು ಸುಣ್ಣದ ಗಾರೆಯ ಮೇಲೆ. ಅದೇ ಊರಲ್ಲಿ ಸುಣ್ಣದ ಗಾರೆ ಕಲಸಲು ಬರುವ ಇನ್ನೊಬ್ಬ ಆಳು ಸಿಗಲು ನಮಗೆ ಒಂದು ವಾರ ಬೇಕಾಯಿತು.

ಈಗ ಗರ್ಡರ್ ಮೇಲೆ ಪರಸಿ ಹಾಸಿ ಮಾಳಿಗೆ ಮುಚ್ಚಿದ್ದಾಗಿದೆ. ಸಂದಿಗಳಿಗೆ ಗಾರೆ ತುಂಬಿದ್ದಾಗಿದೆ. ಗಿಲಾವು ಮಾತ್ರ ಇಲ್ಲ. ಗೋಡೆ ಪೂರ್ತಿ ಆರಲಿ ಅಂತ ಮುದುಕರ ಹಟ. ಅಕ್ಕ ಪಂಚಮಿಗೆ ಶೇಂಗಾ ಉಂಡಿ ಡಬ್ಬಿ ಹಿಡಿದು ಬಂದಳು, ಬೋಳು ಕಲ್ಲು ನೋಡಿ ನಕ್ಕಳು. ಪ್ರತಿವರ್ಷ ಪಡಸಾಲೆಯ ತೊಲೆಗೆ ಜೋಕಾಲಿ ಕಟ್ಟುವುದು ನಮ್ಮ ರೂಢಿ. ಮುದುಕರು ಗೋಡೆಯ ಮೇಲೆ ಅಂಗೈ ಇಟ್ಟು ನೋಡಿ, "ಈ ವರ್ಸ ಬ್ಯಾಡವಾ ತಂಗಿ, ಬೇವಿನ ಗಿಡಕ್ಕ ಕಟ್ಟಕೋ" ಅಂದರು.