ಎರಡು ದಿನ ಸುಮ್ಮನೆ ಬಿದ್ದುಕೊಳ್ಳುವ ಪ್ಲ್ಯಾನು

ಲಡಾಖ್ ಪ್ರವಾಸದ ಎಕ್ಸೆಲ್ ಶೀಟಿನಲ್ಲಿ ಮೊದಲು ಬಲಿಯಾಗುವ ಸಾಲು: 'ಲೇಹ್, ಎರಡು ದಿನ ವಿಶ್ರಾಂತಿ'. ಮ್ಯಾನೇಜರ್ ಕೈಕಾಲು ಹಿಡಿದು ಏಳು ದಿನ ರಜೆ ಗಿಟ್ಟಿಸಿ, ಅಷ್ಟು ದುಡ್ಡು ಸುರಿದು, ಹೋಟೆಲಿನಲ್ಲಿ ಮಲಗುವುದೇ? ಮಲಗುವುದಕ್ಕೆ ಜಯನಗರದ ಮನೆ ಸಾಲದೇ? ಹಾಗಂತ ಆ ಸಾಲು ಅಳಿಸಿ, ಇಳಿದ ದಿನವೇ ಶಾಂತಿ ಸ್ತೂಪದ ಐನೂರು ಚಿಲ್ಲರೆ ಮೆಟ್ಟಿಲು, ಮರುದಿನ ಖರ್ದುಂಗ್ ಲಾ ಎಂಬ ಎತ್ತರದ ಕಣಿವೆದಾರಿ ಎಂದು ತುಂಬುತ್ತಾರೆ.

ಬೆಂಗಳೂರು ಇರುವುದು 920 ಮೀಟರ್ ಎತ್ತರದಲ್ಲಿ, ಲೇಹ್ ಸುಮಾರು 3,500ರಲ್ಲಿ. ವಿಮಾನಕ್ಕೆ ಅದು ದಿಲ್ಲಿಯಿಂದ ಒಂದೂವರೆ ಗಂಟೆಯ ಕೆಲಸ, ಶರೀರಕ್ಕಲ್ಲ. ಅಲ್ಲಿನ ಗಾಳಿಯಲ್ಲೂ ಆಮ್ಲಜನಕ ಶೇ. 21ರಷ್ಟೇ ಇದೆ, ಆದರೆ ಒತ್ತಡ ಸಮುದ್ರಮಟ್ಟದ ಮೂರನೇ ಎರಡರಷ್ಟು, ಹಾಗಾಗಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆ. ಮೋಸ ಇರುವುದು ಮೊದಲ ಆರು ಗಂಟೆಯಲ್ಲಿ, ಏಕೆಂದರೆ ಆಗ ಸಾಮಾನ್ಯವಾಗಿ ಏನೂ ಆಗುವುದಿಲ್ಲ. 'ನಮಗೇನೂ ಆಗ್ಲಿಲ್ಲಪ್ಪ' ಎಂದು ಮನೆಗೆ ವಿಡಿಯೊ ಕಾಲ್ ಮಾಡಿದ ವೀರರು (ಪೋಸ್ಟ್‌ಪೇಯ್ಡ್ ಇದ್ದರೆ ಮಾತ್ರ, ನಮ್ಮೂರ ಪ್ರೀಪೇಯ್ಡ್ ಸಿಮ್ಮು ಅಲ್ಲಿ ಬರೀ ಪ್ಲಾಸ್ಟಿಕ್ಕು) ರಾತ್ರಿ ಹತ್ತಕ್ಕೆ ತಲೆ ಹಿಡಿದುಕೊಂಡು ಬಕೆಟ್ ಹುಡುಕುತ್ತಾರೆ. ಜಿಮ್ಮಿನ ತೋಳು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ತಲೆನೋವಿನವರೆಗೆ ತಮಾಷೆ ಸರಿ. ಕುಡಿಯದೆಯೇ ತೂರಾಡಿದರೆ, ಕೂತಲ್ಲೇ ಏದುಸಿರು ಬಂದರೆ ಪ್ಲ್ಯಾನು ಮಡಚಿ ಆ ಕ್ಷಣವೇ ಕೆಳಗಿಳಿಯಬೇಕು.

ಖರ್ದುಂಗ್ ಲಾ ಮೇಲಿನ ಬೋರ್ಡು 18,380 ಅಡಿ ಎನ್ನುತ್ತಿತ್ತು, ಅಳೆದವರು 17,582 ಎನ್ನುತ್ತಾರೆ. ಈ ಜಗಳ ನಮಗೆ ಬೇಡ. ಫೋಟೊ ಹೊಡೆದು ಹದಿನೈದು ನಿಮಿಷದಲ್ಲಿ ಇಳಿಯುವವರಿಗೆ ಮುಖ್ಯವಾದದ್ದು ದಿಂಬಿನ ಎತ್ತರ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಪ್ಯಾಂಗಾಂಗ್ ಸರೋವರ 4,225 ಮೀಟರ್, ಅಂದರೆ ಲೇಹ್‌ಗಿಂತ 700 ಮೇಲೆ. ಅದಕ್ಕೇ ಶರೀರ ಒಗ್ಗಲೆಂದು ಮೂರು ರಾತ್ರಿ ಲೇಹ್, ಆಮೇಲೆ ಲೇಹ್‌ಗಿಂತ ತಗ್ಗಿನ ನುಬ್ರಾ ಕಣಿವೆ, ಕೊನೆಗೆ ಪ್ಯಾಂಗಾಂಗ್. ಮನಾಲಿಯಿಂದ ರಸ್ತೆಯಲ್ಲಿ ಹೋಗುವವರೂ ಮೊದಲ ರಾತ್ರಿಯೇ 4,290 ಮೀಟರಿನ ಸರ್ಚುವಿನಲ್ಲಿ ಹಾಸಿಗೆ ಬಿಚ್ಚಬಾರದು, ಅದಕ್ಕಿಂತ ತಗ್ಗಿನ ಜಿಸ್ಪಾದಲ್ಲೇ ನಿಲ್ಲುವುದು ಲೇಸು. ಹಳ್ಳಗಳನ್ನು ಬೆಳಿಗ್ಗೆಯೇ ದಾಟಿಬಿಡಿ, ಮಧ್ಯಾಹ್ನ ಹಿಮ ಕರಗಿ ನೀರು ಬೈಕಿನ ಸೈಲೆನ್ಸರ್ ತನಕ ಬರುತ್ತದೆ.

ಇನ್ನು ಡಯಾಮಾಕ್ಸ್, ಎತ್ತರದ ಕಾಯಿಲೆ ತಡೆಯುವ ಮಾತ್ರೆ. 125 ಮಿಲಿಗ್ರಾಂ, ದಿನಕ್ಕೆರಡು, ಹತ್ತುವ ಹಿಂದಿನ ದಿನದಿಂದ. ಅದೂ ವೈದ್ಯರನ್ನು ಕೇಳಿ, ಸಲ್ಫಾ ಅಲರ್ಜಿ ಇದ್ದರಂತೂ ಕೇಳಲೇಬೇಕು. ಬೆರಳ ತುದಿ ಜುಮ್ಮೆನ್ನುವುದು ಮಾತ್ರೆಯ ಕೆಲಸ, ಗಾಬರಿ ಬೇಡ. ಅದರ ಇನ್ನೊಂದು ಕೆಲಸ ಗೊತ್ತಾಗುವುದು ಪ್ಯಾಂಗಾಂಗ್ ಟೆಂಟಿನಲ್ಲಿ, ರಾತ್ರಿ ಎರಡು ಗಂಟೆಗೆ. ಸ್ಲೀಪಿಂಗ್ ಬ್ಯಾಗಿನ ಜಿಪ್ಪು, ಜಾಕೆಟ್ಟಿನ ಜಿಪ್ಪು, ಟೆಂಟಿನ ಒಳ ಜಿಪ್ಪು, ಹೊರ ಜಿಪ್ಪು, ಕತ್ತಲಲ್ಲಿ ಯಾರದೋ ಶೂ. ಹೊರಗೆ ಸೊನ್ನೆ ಡಿಗ್ರಿ ಆಸುಪಾಸು. ವಾಪಸ್ಸು ಬಂದು ಅಷ್ಟೂ ಜಿಪ್ಪು ಎಳೆದು ಮಲಗುವಷ್ಟರಲ್ಲಿ ಮತ್ತೆ ನಿಸರ್ಗದ ಕರೆ. ಮಾತ್ರೆಯನ್ನು ಸಂಜೆ ಬೇಗ ನುಂಗಿದರೆ ಒಂದೆರಡು ಜಿಪ್ಪು ಉಳಿಯುತ್ತದೆ.

ಸಾರಿಲ್ಲದೆ ಇರಲಾರದವರು ಸ್ಟೌವ್ ಒಯ್ಯುತ್ತಾರೆ. ಲೇಹ್‌ನಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. ಬೇಳೆ ಗಂಟೆಗಟ್ಟಲೆ ಕುದಿಯುತ್ತದೆಯೇ ಹೊರತು ಬೇಯುವುದಿಲ್ಲ. ಕುಕ್ಕರ್ ಬೇಕೇ ಬೇಕು, ಎರಡು ವಿಶಲ್ ಹೆಚ್ಚಿಗೆ ಹಾಕಿ. ಚಿಪ್ಸ್ ಪೊಟ್ಟಣ ದಿಂಬಿನಂತೆ ಉಬ್ಬುವುದನ್ನು ಎಲ್ಲರೂ ಫೋಟೊ ತೆಗೆಯುತ್ತಾರೆ. ಆದರೆ ಅಮ್ಮ ಗಾಳಿ ಸಮೇತ ಕಟ್ಟಿಕೊಟ್ಟ ಚಟ್ನಿಪುಡಿಯ ಕವರೂ ಬ್ಯಾಗಿನೊಳಗೆ ಹಾಗೇ ಉಬ್ಬುತ್ತಿರುತ್ತದೆ, ಅದು ನೆನಪಾಗುವುದು ಥರ್ಮಲ್ ಬನಿಯನ್ನು ಕೆಂಪಗೆ ಘಮಘಮಿಸಿದಾಗ. ಕಟ್ಟುವಾಗಲೇ ಗಾಳಿ ಹಿಂಡಿ ಎರಡು ಕವರು ಹಾಕಿ. ಸನ್‌ಸ್ಕ್ರೀನ್ ಟ್ಯೂಬಿನ ಮುಚ್ಚಳವನ್ನು ಮುಖದಿಂದ ದೂರ ಹಿಡಿದು ತೆಗೆಯಿರಿ.

ವಾಪಸ್ಸು ಬರುವಾಗ ಇದೇ ಲೆಕ್ಕ ತಿರುಗಾಮುರುಗಾ. ಲೇಹ್‌ನಲ್ಲಿ ಬಿಗಿಯಾಗಿ ಮುಚ್ಚಿ ಬ್ಯಾಗಿಗೆ ತುರುಕಿದ ಖಾಲಿ ನೀರಿನ ಬಾಟಲಿ ಬೆಂಗಳೂರಿನಲ್ಲಿ ಹೊರಬರುವಾಗ, ಯಾರೋ ಅದರ ಮೇಲೆ ಕೂತು ಎದ್ದಂತೆ ಚಪ್ಪಟೆಯಾಗಿರುತ್ತದೆ.