ಆ ಬೈಸಲ್ಫೈಟ್ ಚಾರ್ಟ್ ಉಲ್ಟಾ ಇದೆ, ಫಾರ್ವರ್ಡ್ ಮಾಡ್ಬೇಡಿ

ಡಿಎನ್‌ಎ ಅಕ್ಷರ ಸಿ ಮೇಲೆ ಮಿಥೈಲ್ ಅನ್ನೋ ಸಣ್ಣ ರಾಸಾಯನಿಕ ಗುಂಪು ಕೂತಿದ್ಯಾ (ಇದೇ ಮಿಥೈಲೇಶನ್) ಅಂತ ನೋಡೋಕೆ ಬೈಸಲ್ಫೈಟ್ ಅನ್ನೋ ರಾಸಾಯನಿಕ ಹಾಕ್ತಾರೆ. ಬೆಂಗಳೂರಿನ ಲ್ಯಾಬ್ ವಾಟ್ಸಾಪ್ ಗ್ರೂಪುಗಳಲ್ಲಿ ಇದ್ರ ಬಗ್ಗೆ ಒಂದು ಚಾರ್ಟ್ ಓಡಾಡ್ತಿದೆ, "ಬೈಸಲ್ಫೈಟ್ ಹಾಕಿದ್ರೆ ಮಿಥೈಲ್ ಇರೋ ಸಿ, ಟಿ ಆಗತ್ತೆ, ಎಂ ಪ್ರೈಮರಲ್ಲಿ ಬ್ಯಾಂಡ್ ಬಂದ್ರೆ ಕ್ಯಾನ್ಸರ್ ಗ್ಯಾರಂಟಿ" ಅಂತ (ಎಂ ಪ್ರೈಮರ್ ಅಂದ್ರೆ ಮಿಥೈಲ್ ಇರೋ ಡಿಎನ್‌ಎಗೆ ಅಂಟೋ ಹಾಗೆ ಮಾಡಿದ ಸಣ್ಣ ಡಿಎನ್‌ಎ ತುಂಡು, ಅದು ಅಂಟಿ ಡಿಎನ್‌ಎ ನಕಲಾದ್ರೆ ಜೆಲ್‌ನಲ್ಲಿ ಕಾಣೋ ಗೆರೆಯೇ ಬ್ಯಾಂಡ್). ಎರಡೂ ತಪ್ಪು. ಬದಲಾಗೋದು ಮಿಥೈಲ್ ಇಲ್ದಿರೋ ಸಿ, ಅದು ಯುರಾಸಿಲ್ ಅನ್ನೋ ಬೇರೆ ಅಕ್ಷರ ಆಗಿ, ಪಿಸಿಆರ್ (ಡಿಎನ್‌ಎ ನಕಲು ಮಾಡೋ ವಿಧಾನ) ಆದ್ಮೇಲೆ ಟಿ ಅಂತ ಕಾಣತ್ತೆ, ಮಿಥೈಲ್ ಇರೋದು ಸಿ ಆಗೇ ಉಳಿಯತ್ತೆ, 1992ರಲ್ಲಿ ಬಂದ ಬೈಸಲ್ಫೈಟ್ ಸೀಕ್ವೆನ್ಸಿಂಗ್ (ಬೈಸಲ್ಫೈಟ್ ಹಾಕಿ ಡಿಎನ್‌ಎ ಅಕ್ಷರ ಓದೋ ವಿಧಾನ) ನಿಂತಿರೋದೇ ಇದ್ರ ಮೇಲೆ.

ಇನ್ನು ಬ್ಯಾಂಡ್ ವಿಷ್ಯ. ಕನ್ವರ್ಷನ್ (ಮಿಥೈಲ್ ಇಲ್ದಿರೋ ಸಿ ಬದಲಾಗೋದು) ಅರ್ಧಂಬರ್ಧ ಆದ್ರೂ, ಬದಲಾಗ್ದೇ ಉಳಿದ ಸಿ ಮಿಥೈಲ್ ಇರೋ ಥರ ಕಂಡು ಸುಳ್ಳು ಪಾಸಿಟಿವ್ ಬರತ್ತೆ, ಅದಕ್ಕೇ ಫಾರ್ವರ್ಡ್ ಪ್ರೈಮರಲ್ಲಿ ಸಿಪಿಜಿ (ಸಿ ಆದ್ಮೇಲೆ ಜಿ ಬರೋ ಜಾಗ, ಮಿಥೈಲ್ ಸಾಮಾನ್ಯವಾಗಿ ಅಲ್ಲೇ ಇರತ್ತೆ) ಅಲ್ಲದ ಸಿ ಜಾಗಗಳೂ ಒಂದಷ್ಟು ಸೇರಿಸ್ಕೊಂಡು, ಸರಿಯಾಗಿ ಬದಲಾದ ಡಿಎನ್‌ಎಗೇ ಅಂಟ್ಲಿ ಅಂತ ಅಲ್ಲಿ ಟಿ ಹಾಕ್ಬೇಕು, ಆಮೇಲೆ ಬೈಸಲ್ಫೈಟ್ ಹಾಕ್ದೇ ಇರೋ ಡಿಎನ್‌ಎನೂ ಒಂದ್ಸಲ ಓಡ್ಸಿ ನೋಡಿ, ಅದ್ರಲ್ಲೂ ಬ್ಯಾಂಡ್ ಬಂತು ಅಂದ್ರೆ ಪ್ರೈಮರ್ರೇ ಸರಿಯಿಲ್ಲ (ಈ ಒಂದು ಟ್ಯೂಬ್ ಉಳ್ಸೋಕೆ ಹೋಗ್ಬೇಡಿ). ವಯಸ್ಸಾದ್ರೂ ಕೆಲವು ಜೀನ್‌ಗಳಲ್ಲಿ ಮಿಥೈಲೇಶನ್ ಜಾಸ್ತಿ ಆಗತ್ತೆ, ಬ್ಯಾಂಡ್ ಒಂದನ್ನೇ ನೋಡಿ ಕ್ಯಾನ್ಸರ್ ಅನ್ನೋಕಾಗಲ್ಲ.

ದಯವಿಟ್ಟು ಆ ಚಾರ್ಟ್ ಮುಂದೆ ಕಳಿಸ್ಬೇಡಿ, ಈಗಾಗ್ಲೇ ಕಳ್ಸಿದ್ರೆ ಅದೇ ಗ್ರೂಪಿಗೆ ಇದನ್ನ ಹಾಕಿ.